ಅಟ್ಟದ ಮೇಲಿನ ಟ್ರಂಕು

ಪ್ರಶ್ನೆ: ನನಗೆ 46 ವರ್ಷ. ಧಾರವಾಡದಲ್ಲಿ ಗುಹೆ ಹೊಕ್ಕು ನೋಡುವವರ ಸಣ್ಣ ಸಂಘವೊಂದಿದೆ. ಒಂಬತ್ತು ವರ್ಷದಿಂದ ನಾನೇ ಕಾರ್ಯದರ್ಶಿ. ಪಟ್ಟಿಯಲ್ಲಿ ನಲವತ್ತು ಹೆಸರು, ಬರುವವರು ಐದಾರು ಮಂದಿ. ಹೋದ ಸಭೆಯಲ್ಲಿ ಒಬ್ಬ ಹುಡುಗ, "ಈ ಸಂಘದಿಂದ ನಮಗೇನ್ ಸಿಗ್ತದ್ರೀ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಮುಚ್ಚಿಬಿಡೋಣ ಅನಿಸುತ್ತದೆ. ಆದರೆ ಸಂಘ ಕಟ್ಟಿದ ನಮ್ಮ ಸರ್‌ಗೆ ಈಗ 78. ಅವರಿಗೆ ಹೇಗೆ ಹೇಳಲಿ? ಅವರು ಗುಹೆ ಅಳೆದು ಬರೆದಿಟ್ಟ ನೋಟ್‌ಬುಕ್ಕುಗಳ ಟ್ರಂಕು ಬೇರೆ ನಮ್ಮ ಅಟ್ಟದ ಮೇಲಿದೆ.
– ಹೆಸರು ಬೇಡ, ಧಾರವಾಡ

ಉತ್ತರ: ಆ ಹುಡುಗನ ಮೇಲೆ ಸಿಟ್ಟಾಗಬೇಡಿ. ಸರ್ ಸಂಘ ಕಟ್ಟಿದಾಗ ದಾರಿ ಗೊತ್ತಿದ್ದವರು ಬೇಕಿತ್ತು, ಜೀಪು ಬೇಕಿತ್ತು. ಈಗ ದಾರಿಯನ್ನು ಫೋನೇ ಹೇಳುತ್ತದೆ, ಹೆಡ್‌ಲ್ಯಾಂಪ್ ಮನೆಗೇ ಬರುತ್ತದೆ. ಯಾಣಕ್ಕೋ ಕವಳಾ ಗುಹೆಗೋ ಜನರನ್ನು ಕರೆದೊಯ್ಯುವುದಷ್ಟೇ ನಿಮ್ಮ ಕೆಲಸವಾಗಿದ್ದರೆ, ಟ್ರೆಕ್ಕಿಂಗ್ ಕಂಪನಿಯವರು ಅದನ್ನು ನಿಮಗಿಂತ ಚೆನ್ನಾಗಿ ಮಾಡ್ತಾರೆ. ಉಪ್ಪಿಟ್ಟು, ಚಹಾ ಸಮೇತ.

ಪತ್ರದ ಕೊನೆಗೆ ಸುಮ್ನೆ ಹೇಳಿ ಬಿಟ್ಟಿದ್ದೀರಲ್ಲ, ಆ ಟ್ರಂಕು, ನನಗೆ ಅದೇ ದೊಡ್ಡದಾಗಿ ಕಂಡಿತು. ಆಂಧ್ರದ ಬೆಲುಂ ಗುಹೆಯ ಬಗ್ಗೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಬರೆದಿದ್ದ. ಅದನ್ನು ವಿವರವಾಗಿ ಶೋಧಿಸಿದ್ದು 1980ರ ದಶಕದಲ್ಲಿ, ಡೇನಿಯಲ್ ಗೆಬಾವರ್ ಎಂಬ ಜರ್ಮನ್ನನ ತಂಡ. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದ! ನಡುವೆ ಸುಮಾರು ನೂರು ವರ್ಷ ಹೋಯಿತು. ನಿಮ್ಮ ಸರ್ ಮಾಡಿದ್ದೂ ಅಂಥದೇ ಅಳೆಯುವ ಕೆಲಸ. ಟೇಪು, ದಿಕ್ಸೂಚಿ ಹಿಡಿದು ಕೆಸರಲ್ಲಿ ತೆವಳುವ ಕೆಲಸಕ್ಕೆ ಟಿಕೆಟ್ ಮಾರಲು ಆಗುವುದಿಲ್ಲ, ಅಲ್ವಾ? ಯಾವ ಸಂದಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಅಂತ ಕಂಪನಿಯವರು ಬರೆದಿಡುವುದಿಲ್ಲ. ಎಲ್ಲಿಗೆ ಹೋಗಬಾರದು ಅಂತಲಂತೂ ಹೇಳುವುದೇ ಇಲ್ಲ. ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿ ರಾಟನ್ ಎಂಬ ಅಪರೂಪದ ಜಾತಿಯ ಬಾವಲಿಗಳಿವೆ. ಆ ಜಾತಿ ಪ್ರಪಂಚದಲ್ಲಿ ಅಲ್ಲಿ ಮಾತ್ರ ಇದೆ ಅಂತ ಬಹಳ ಕಾಲ ನಂಬಿದ್ದರು. ಅವು ಮರಿ ಹಾಕಿದಾಗ ಹತ್ತು ಜನ ಟಾರ್ಚ್ ಹಿಡಿದು ನುಗ್ಗಿದರೆ ಏನಾಗುತ್ತದೆ ಅಂತ ಆ ಹುಡುಗನಿಗೆ ಯಾರಾದರೂ ಹೇಳಿದ್ದಾರಾ?

ಇನ್ನು ನಿಮ್ಮ ಮಾತು. ನೀವು ದಣಿದಿದ್ದೀರಿ. ಸಂಘ ಉಳಿಯಲಿ ಬಿಡಲಿ, ಕಾರ್ಯದರ್ಶಿ ಕೆಲಸ ಮೊದಲು ಬಿಡಿ. ಒಂಬತ್ತು ವರ್ಷ ಚಂದಾ ಕೇಳಿದವನಿಗೆ ಗುಹೆಯೂ ಬೇಸರವಾಗುತ್ತದೆ.

ಸರ್ ಹತ್ತಿರ ಮುಚ್ಚುವ ಮಾತು ಎತ್ತಿಕೊಂಡು ಹೋಗಬೇಡಿ. ಒಂದು ನೋಟ್‌ಬುಕ್ ಹಿಡಿದು, ಆ ಹುಡುಗನನ್ನೂ ಕರೆದುಕೊಂಡು ಹೋಗಿ. ಅರ್ಥವಾಗದ ಒಂದು ನಕ್ಷೆ ತೆಗೆದು ಅವನಿಂದಲೇ ಕೇಳಿಸಿ. ಆಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅದೇ ಗುಹೆಯನ್ನು ಅವನು ಮತ್ತೊಮ್ಮೆ ಅಳೆಯಲಿ. ಜೊತೆಗೆ ಮೂರು ಜನ ಸಿಕ್ಕರೆ ಸಂಘಕ್ಕೆ ಅಷ್ಟು ಸಾಕು. ಸಿಗದಿದ್ದರೆ ಮುಚ್ಚಿ, ಸರ್‌ಗೆ ನೇರವಾಗಿ ಹೇಳಿ. ಅವರೂ ಧಾರವಾಡದವರೇ. 1890ರ ವಿದ್ಯಾವರ್ಧಕ ಸಂಘದ ಆಯುಷ್ಯ ಎಲ್ಲ ಸಂಘಕ್ಕೂ ಇರುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಅದಕ್ಕೂ ಮೊದಲು, ಈ ಭಾನುವಾರವೇ ಟ್ರಂಕು ಕೆಳಗಿಳಿಸಿ, ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ನುಸಿಗುಳಿಗೆ ಹಾಕಿದ್ದೀರಿ ತಾನೇ?