ಓದುಗರ ಪ್ರಶ್ನೆ: ನೀಲಕುರಿಂಜಿ ಅಪಾಯದಲ್ಲಿದೆಯಾ?

ಪ್ರಶ್ನೆ: ನೀಲಕುರಿಂಜಿ ಅರಳಿದಾಗ ಬೆಟ್ಟವೆಲ್ಲ ಹೂವೇ ಕಾಣುತ್ತದೆ. ಹಾಗಿದ್ದೂ ಅದು ಅಪಾಯದಲ್ಲಿದೆ ಅಂತಾರಲ್ಲ, ನಿಜವಾ?

ಉತ್ತರ: ನಿಜ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2024ರಲ್ಲಿ ಇದನ್ನು ತನ್ನ ಕೆಂಪು ಪಟ್ಟಿಯಲ್ಲಿ (ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಪಟ್ಟಿ) 'ಅಪಾಯಕ್ಕೆ ಈಡಾಗಬಲ್ಲ' ಸಸ್ಯ ಎಂದು ಸೇರಿಸಿತು. ಒಂದು ಕಡೆ ರಾಶಿ ರಾಶಿ ಕಂಡಿತು ಅಂದ ಮಾತ್ರಕ್ಕೆ ಎಲ್ಲ ಕಡೆ ಇದೆ ಎಂದಲ್ಲ. ಇದು ಬೆಳೆಯುವುದು ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದ ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಪಕ್ಕದ ಹುಲ್ಲುಗಾವಲುಗಳಲ್ಲೇ ಜಾಸ್ತಿ. ಆ ಹುಲ್ಲುಗಾವಲನ್ನು ಪಾಳುಭೂಮಿ ಅಂದುಕೊಂಡು ಚಹಾ ತೋಟ ಮಾಡಿದರು, ನೀಲಗಿರಿ ಮರ, ಅಕೇಶಿಯಾ ನೆಟ್ಟರು, ರಸ್ತೆ, ಕಟ್ಟಡಗಳೂ ಬಂದವು. ಬೇಜಾರಿನ ಸಂಗತಿ ಅಂದ್ರೆ ಇದೇ.

ಇನ್ನೊಂದು ವಿಷಯ ಗಮನಿಸಿ. ಈ ಗಿಡ ಹೂಬಿಡುವುದು 12 ವರ್ಷಕ್ಕೊಮ್ಮೆ, ಬೀಜ ಉದುರಿಸಿದ ಮೇಲೆ ಸತ್ತೇ ಹೋಗುತ್ತದೆ, ಹಾಗಾಗಿ ಹೂವಿನ ವರ್ಷದಲ್ಲಿ ಜನ ಗೊಂಚಲು ಕಿತ್ತರೆ, ತುಳಿದರೆ, ಅಥವಾ ಬೆಂಕಿ ಬಿದ್ದರೆ ಮುಂದಿನ ಪೀಳಿಗೆಗೇ ಪೆಟ್ಟು. ಉಳಿದ ವರ್ಷಗಳಲ್ಲಿ ಅದು ಸುಮ್ನೆ ಹಸಿರು ಪೊದೆ. ಹಾಗಾಗಿ ಗುರುತಿಸದೆ ಕಡಿದುಬಿಡುವ ಭಯವೂ ಇದೆ, ಅಲ್ವಾ?

ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ಇದಕ್ಕಾಗಿಯೇ 2006ರಲ್ಲಿ ಕುರಿಂಜಿಮಲ ಅಭಯಾರಣ್ಯ ಘೋಷಿಸಿದರು. ಮುನ್ನಾರ್ ಸುತ್ತಮುತ್ತ 2018ರಲ್ಲಿ ಅರಳಿತ್ತು. ಅಲ್ಲಿ ಮತ್ತೆ ನೋಡಬೇಕಾದರೆ 2030ರವರೆಗೆ ಕಾಯಬೇಕು. ಹೋದರೆ ದಾರಿ ಬಿಟ್ಟು ಇಳಿಯಬೇಡಿ, ಒಂದು ಹೂವನ್ನೂ ಕೀಳಬೇಡಿ.