ಕರಡುಗಳಿಗೂ ಕಿವಿ ಕೊಡಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ರಾಕ್ ಗಾಯಕ ಜೆಫ್ ಬಕ್ಲಿ ತೀರಿಕೊಂಡ ಮೇಲೆ ಆತನ ಅರೆಬರೆ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದರಂತೆ ಮಾರುತ್ತಿರುವುದು ಹೆಣದ ಮೈಮೇಲಿನ ಒಡವೆ ಬಿಚ್ಚಿದಂತಲ್ಲವೇ? ತಾನೇ ಒಪ್ಪಿ ಹೊರತಂದ ಆಲ್ಬಮ್ ಇರುವಾಗ ಇವೆಲ್ಲ ಯಾಕೆ?’

ನಿಮ್ಮ ಸಿಟ್ಟಿಗೆ ಆಧಾರವಿಲ್ಲವೆನ್ನಲಾರೆ. ಆತ ಮುಗಿಸಿಕೊಟ್ಟ ಸ್ಟುಡಿಯೋ ಆಲ್ಬಮ್ 1994ರ ‘ಗ್ರೇಸ್’ ಒಂದೇ. ಎರಡನೆಯದಕ್ಕಾಗಿ ನಿರ್ಮಾಪಕ ಟಾಮ್ ವರ್ಲೇನ್ ಜೊತೆ ಮುದ್ರಿಸಿದ ಹಾಡುಗಳು ತನಗೇ ಹಿಡಿಸದೆ, ಮತ್ತೆ ಮೊದಲಿಂದ ಹಾಡಲು ಸಿದ್ಧನಾಗುತ್ತಿದ್ದ. 1997ರ ಮೇ 29ರಂದು, ಸಂಗಡಿಗ ವಾದಕರು ಅಮೆರಿಕದ ಮೆಂಫಿಸ್‌ಗೆ ಬಂದಿಳಿಯುವ ಸಂಜೆಯೇ, ವುಲ್ಫ್ ನದಿಯ ಬಂದರಿನಲ್ಲಿ ಈಜಲು ಇಳಿದು ಮುಳುಗಿಹೋದ. ವಯಸ್ಸು 30. ಆತನಿಗೆ ಬೇಡವಾದದ್ದೇ ಮರುವರ್ಷ ಅಂಗಡಿಗೆ ಬಂತು ಎಂಬಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ 1998ರ ಆ ಸಂಪುಟದ ಎರಡನೆಯ ಡಿಸ್ಕನ್ನು ತಾವು ಕೇಳಿದಂತಿಲ್ಲ. ಅದರಲ್ಲಿರುವ ಹೆಚ್ಚಿನವು ಮೆಂಫಿಸ್‌ನ ಬಾಡಿಗೆ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಧ್ವನಿಮುದ್ರಣ ಯಂತ್ರ ಇಟ್ಟುಕೊಂಡು ಒಬ್ಬನೇ ಹಿಡಿದಿಟ್ಟ ಹಾಡುಗಳು. ಶೀರ್ಷಿಕೆಯಲ್ಲೇ ‘ಸ್ಕೆಚಸ್’, ಅಂದರೆ ಕರಡು ಚಿತ್ರಗಳು, ಎಂದಿದೆ. ಮುಗಿದ ಚಿತ್ರವೆಂದು ಯಾರೂ ಸುಳ್ಳು ಹೇಳಿಲ್ಲ.

ಇನ್ನೊಂದು ಉದಾಹರಣೆ ಕೊಡದಿದ್ದರೆ ನನಗೆ ನಿದ್ದೆ ಬಾರದು. ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ ಶಿನೇ ಎಂಬ ಪುಟ್ಟ ಕೆಫೆಯಿತ್ತು. ಅಲ್ಲಿ ಒಂದೇ ಗಿಟಾರ್ ಹಿಡಿದು ಆತ ಹಾಡಿದ್ದರಲ್ಲಿ ನಾಲ್ಕು ಹಾಡುಗಳು 1993ರಲ್ಲೇ ಹೊರಬಂದವು. ಅದೇ ಕೆಫೆಯಲ್ಲಿ ಆತ, ಪಾಕಿಸ್ತಾನದ ಕವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ತನ್ನ ಪಾಲಿನ ರಾಕ್ ದೊರೆ ಎಲ್ವಿಸ್ ಎಂದು ಪೀಠಿಕೆ ಹಾಕಿ, ಅವರ ಕವಾಲಿಯೊಂದನ್ನು ಉರ್ದುವಿನಲ್ಲಿಯೇ ಹಾಡುತ್ತಾನೆ. ಇದು ತಮಾಷೆಯಿರಬೇಕೆಂದು ಕೇಳುವವರು ಮೊದಲು ನಗುತ್ತಾರೆ. ಗಾಯಕ ಮಾತ್ರ ಆಲಾಪದಿಂದ ಹಿಂದೆ ಸರಿಯುವುದಿಲ್ಲ. ಇದು ನಮ್ಮ ಕೈಗೆ ಸಿಕ್ಕಿದ್ದು ಆತ ಹೋದ ಮೇಲೆ, 2003ರ ಎರಡು ಡಿಸ್ಕಿನ ವಿಸ್ತೃತ ಆವೃತ್ತಿಯಲ್ಲಿ. ನಿಮ್ಮ ನಿಯಮ ನಡೆದಿದ್ದರೆ ನಮ್ಮ ಉಪಖಂಡದ ಸ್ವರ ಆ ಗಂಟಲಿನಲ್ಲಿ ಎಷ್ಟು ಆಳಕ್ಕಿಳಿದಿತ್ತೆಂಬುದು ತಿಳಿಯುತ್ತಿತ್ತೇ? (ನುಸ್ರತ್ ಕೂಡ ಅದೇ 1997ರ ಆಗಸ್ಟಿನಲ್ಲಿ ತೀರಿಕೊಂಡರು.) 2016ರಲ್ಲಿ ಬಂದ ‘ಯೂ ಅಂಡ್ ಐ’ 1993ರ ಫೆಬ್ರವರಿಯ ಡೆಮೊಗಳ (ಪ್ರಾಯೋಗಿಕ ಮುದ್ರಣಗಳ) ಸಂಗ್ರಹ, ಬಹುಪಾಲು ಇತರರ ಹಾಡುಗಳು. ಎಲ್ಲರ ಅಂಗಿಯನ್ನೂ ತೊಟ್ಟು ನೋಡಿ ತನ್ನ ಅಳತೆ ಹುಡುಕುತ್ತಿರುವ 26ರ ತರುಣ ಅಲ್ಲಿ ಸಿಗುತ್ತಾನೆ.

ನಮ್ಮಲ್ಲಿ ಹೊಳಪು ಕೊಟ್ಟದ್ದಕ್ಕೆ ಮಾತ್ರ ಮಣೆ. ‘ಸಮಗ್ರ’ ಎಂದು ಬೆನ್ನಿನ ಮೇಲೆ ಅಚ್ಚಾದ ದಪ್ಪ ಸಂಪುಟಗಳಲ್ಲಿ ಒಂದು ಕರಡನ್ನಾದರೂ ಹುಡುಕಿ ತೋರಿಸಿ ನೋಡೋಣ. ಈ ಪಾಪದಲ್ಲಿ ನನಗೂ ಪಾಲಿದೆ. ವರ್ಷಗಳ ಹಿಂದೆ, ತೀರಿಹೋದ ಕವಿಯೊಬ್ಬರ ಮನೆಯವರು ಒಂದು ನೋಟ್‌ಬುಕ್ ತಂದುಕೊಟ್ಟರು. ಒಂದು ಸಾಲಿನಲ್ಲಿ ‘ಮಳೆ’ ಎಂದು ಬರೆದು, ಹೊಡೆದು, ‘ಹನಿ’ ಎಂದು ಮಾಡಿ, ಅದನ್ನೂ ಹೊಡೆದು ಮತ್ತೆ ‘ಮಳೆ’ಗೇ ಬಂದಿದ್ದರು. ನಾನು ಶುದ್ಧಪ್ರತಿ ತೆಗೆದು ಅಚ್ಚು ಹಾಕಿಸಿದೆ. ಕಚೇರಿ ಬದಲಾಯಿಸುವಾಗ ನೋಟ್‌ಬುಕ್ ರದ್ದಿಗೆ ಹೋಯಿತು. ಅಚ್ಚಾದ ಕವಿತೆಯಲ್ಲಿ ಈಗ ಬರೀ ‘ಮಳೆ’ ಇದೆ.

ಅಂದಹಾಗೆ, ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ದಪ್ಪ ಶಾಯಿಯಿಂದ ಹೊಡೆದುಹಾಕಿದ ಮೂರು ಸಾಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿಕೊಂಡೆ. ಇಡೀ ಪತ್ರದಲ್ಲಿ ಅವೇ ಚೆನ್ನಾಗಿವೆ.

– ಸಂಪಾದಕ