ರಾತ್ರಿ ಗಾಡಿ ಓಡಿಸೋಕೆ ನಿದ್ದೆ ಬರದ ಗುಳಿಗೆ ತಗೋಬಹುದಾ?

ನಿಮ್ಮ ತಮ್ಮ ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ತರಕಾರಿ ಗಾಡಿ ಓಡಿಸ್ತಾನೆ, ಜೊತೆಯ ಡ್ರೈವರುಗಳು ನಿದ್ದೆ ಬರದ ಗುಳಿಗೆ ನುಂಗ್ತಾರೆ, ಅಪರೂಪಕ್ಕೊಮ್ಮೆ ತಗೊಂಡ್ರೆ ಏನಾದ್ರೂ ತೊಂದರೆಯಾ ಅಂತ ಕೇಳಿದ್ದೀರಿ. ನನ್ನದು ಪಿ.ಬಿ. ರಸ್ತೆಯಲ್ಲಿ ಮೆಡಿಕಲ್ ಶಾಪ್. ಅಂಗಡಿ ಮುಚ್ಚೋ ಹೊತ್ತಿಗೆ ಇದನ್ನೇ ಕೇಳ್ಕೊಂಡು ಬರೋರು ಇದ್ದೇ ಇರ್ತಾರೆ. ಪರೀಕ್ಷೆ ಹತ್ತಿರ ಬಂದ್ರೆ ಹಾಸ್ಟೆಲ್ ಹುಡುಗರೂ ಸೇರ್ಕೊಳ್ತಾರೆ. ನಾನು ಹೇಳೋದು ಒಂದೇ: ಬೇಡ, ಅಪರೂಪಕ್ಕೂ ಬೇಡ.

ಮೊದಲನೆಯದಾಗಿ, ನುಂಗ್ತಿರೋದು ಏನು ಅಂತ ನುಂಗೋನಿಗೇ ಗೊತ್ತಿರಲ್ಲ. ಡ್ರೈವರುಗಳು ಜೇಬಿಂದ ತೆಗೆದು ತೋರಿಸೋ ಸ್ಟ್ರಿಪ್‌ನಲ್ಲಿ ಎರಡು ಗುಳಿಗೆ ಉಳಿದಿರುತ್ತೆ, ಹೆಸರು, ಬ್ಯಾಚ್ ನಂಬರ್ ಇರೋ ಭಾಗ ಕತ್ತರಿಸಿರುತ್ತೆ, ಕೆಂಪು ಗೆರೆ ಮಾತ್ರ ಅರ್ಧ ಕಾಣುತ್ತೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅಂತ ಆ ಗೆರೆ. ಒಳಗಿರೋದು ಮೊಡಾಫಿನಿಲ್ ಇರಬಹುದು, ಮೀಥೈಲ್‌ಫೆನಿಡೇಟ್ ಇರಬಹುದು, ಎರಡೂ ಎಚ್ಚರ ಇಡೋ ಔಷಧಿಗಳೇ. ಎರಡನೆಯದು ಶೆಡ್ಯೂಲ್ ಎಕ್ಸ್ ಔಷಧಿ, ಅಂದ್ರೆ ಕಾನೂನು ತುಂಬಾ ಬಿಗಿ ಮಾಡಿರೋ ಪಟ್ಟಿಯದ್ದು. ಅದನ್ನು ಮಾರೋಕೆ ಬೇರೆ ಲೈಸೆನ್ಸ್ ಬೇಕು, ಚೀಟಿಯ ಪ್ರತಿಯನ್ನು 2 ವರ್ಷ ಜೋಪಾನವಾಗಿ ಇಡಬೇಕು. ಅಂಥದ್ದು ಢಾಬಾದಲ್ಲಿ ಕೈಯಿಂದ ಕೈಗೆ ಓಡಾಡ್ತಿದ್ರೆ ಏನು ಹೇಳೋಣ! ಇನ್ನು ಕೆಲವರು ನೆಗಡಿ ಗುಳಿಗೆಯಲ್ಲಿ ಕೆಫೀನ್ ಇದೆಯಂತೆ ಅಂತ ಅದನ್ನೇ ಎರಡೆರಡು ನುಂಗ್ತಾರೆ. ಅಂಥ ಎಷ್ಟೋ ಗುಳಿಗೆಗಳಲ್ಲಿ ಕೆಫೀನ್ ಪಕ್ಕದಲ್ಲೇ ಮಂಪರು ತರಿಸೋ ಅಲರ್ಜಿ ಔಷಧಿಯೂ ಇರುತ್ತೆ. ಎಚ್ಚರ ಇರೋಕೆ ಅಂತ ನುಂಗಿ ಸ್ಟೇರಿಂಗ್ ಮೇಲೇ ತೂಕಡಿಸಿದ ಹಾಗೆ.

ಮೊಡಾಫಿನಿಲ್ ಕೆಟ್ಟ ಔಷಧಿ ಅಂತಲ್ಲ. ಹಗಲಲ್ಲೂ ತಡೆಯಲಾರದ ನಿದ್ದೆ ಬರೋ ನಾರ್ಕೊಲೆಪ್ಸಿಯಂಥ ಕಾಯಿಲೆಗೆ ಡಾಕ್ಟರುಗಳು ಬರೀತಾರೆ. ಆದರೆ ಅದರಲ್ಲಿ ಅರ್ಧದಷ್ಟು ಮೈಯಿಂದ ಇಳಿಯೋಕೇ 12ರಿಂದ 15 ಗಂಟೆ ಬೇಕು. ರಾತ್ರಿ ಹತ್ತಕ್ಕೆ ನುಂಗಿದವನಿಗೆ ಮರುದಿನ ಮಧ್ಯಾಹ್ನ ಮಲಗೋಣ ಅಂದ್ರೂ ನಿದ್ದೆ ಹತ್ತಲ್ಲ. ಸಂಜೆ ಮತ್ತೆ ಲೋಡ್. ಮತ್ತೆ ಗುಳಿಗೆ. ಮಧ್ಯೆ ನಿದ್ದೆ ಬರಲಿ ಅಂತ ಒಂದು ಕ್ವಾರ್ಟರ್. ಮೀಥೈಲ್‌ಫೆನಿಡೇಟ್, ಆಂಫೆಟಮಿನ್ ಜಾತಿಯ ಉತ್ತೇಜಕಗಳು ಇನ್ನೂ ಒರಟು: ಎದೆ ಡವಗುಟ್ಟುತ್ತೆ, ಬಿಪಿ ಏರುತ್ತೆ, ಹಸಿವು ಸಾಯುತ್ತೆ, ಸುಮ್ಮಸುಮ್ಮನೆ ಸಿಟ್ಟು, ಅನುಮಾನ. ದಿನಗಟ್ಟಲೆ ನಿದ್ದೆ ಬಿಟ್ಟವನಿಗೆ ರಸ್ತೆಯಲ್ಲಿ ಇಲ್ಲದ್ದು ಕಾಣೋದೂ ಉಂಟು. ಗೊತ್ತಾಗದ ಹೃದಯದ ತೊಂದರೆ ಮೊದಲೇ ಇದ್ದರೆ ಜೀವಕ್ಕೇ ಕುತ್ತು.

ನನಗೆ ಎಲ್ಲಕ್ಕಿಂತ ಹೆದರಿಕೆ ಆಗೋದು ಬೇರೆ ವಿಷಯಕ್ಕೆ. ಗುಳಿಗೆ ನಿದ್ದೆಯ ಸಾಲ ತೀರಿಸಲ್ಲ, ಸಾಲ ಇದೆ ಅನ್ನೋದನ್ನು ಮರೆಸುತ್ತೆ. ಟ್ಯಾಂಕ್ ಖಾಲಿಯಾಗ್ತಿದ್ರೂ ಡೀಸೆಲ್ ಮುಳ್ಳು ಫುಲ್‌ನಲ್ಲೇ ಅಂಟಿಕೊಂಡ ಹಾಗೆ. ಕಣ್ಣು ಎಳೀತಿದ್ದವನು ಎಲ್ಲೋ ಒಂದು ಕಡೆ ನಿಲ್ಲಿಸ್ತಾನೆ. ಗುಳಿಗೆ ನುಂಗಿದವನು "ನನಗೇನಾಗಿದೆ, ಆರಾಮಿದ್ದೀನಿ" ಅಂತ ಹಿರಿಯೂರು ದಾಟಿ ಶಿರಾ ಕಡೆಗೆ ಒತ್ತಿಕೊಂಡು ಹೋಗ್ತಾನೆ. ಔಷಧಿಯ ಜೋರು ಇಳಿದ ಗಳಿಗೆಯಲ್ಲಿ ತಡೆದಿಟ್ಟ ನಿದ್ದೆಯೆಲ್ಲ ಒಟ್ಟಿಗೆ ಬರುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 4 ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 65 ಮೀಟರಿಗೂ ಮುಂದೆ ಹೋಗಿರುತ್ತೆ, ಓಡಿಸೋರೇ ಇಲ್ಲದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಬರೀ ಕುಡಿತಕ್ಕಲ್ಲ, ಮೈಮೇಲೆ ಹಿಡಿತ ತಪ್ಪಿಸೋ ಮಾದಕ ವಸ್ತುವಿಗೂ ಅನ್ವಯಿಸುತ್ತೆ: ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ.

ಇದರಲ್ಲಿ ಡ್ರೈವರನ್ನೊಬ್ಬನನ್ನೇ ಬೈಯೋಕೆ ನನಗೆ ಮನಸ್ಸು ಬರಲ್ಲ. ಸಂಜೆ ಏಳಕ್ಕೆ ಬರಬೇಕಾದ ಲೋಡ್ ಹನ್ನೊಂದಕ್ಕೆ ಬರುತ್ತೆ, ಮಾರ್ಕೆಟ್ ಮುಟ್ಟೋ ಟೈಮ್ ಮಾತ್ರ ಬದಲಾಗಲ್ಲ. ಲೋಡ್ ತಡವಾದ್ರೆ ತಲುಪೋದೂ ತಡ ಅಂತ ನಿಮ್ಮ ತಮ್ಮ ಲೋಡ್ ಕೊಡೋರ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ. ಹೊಸಬನಿಗೆ ಕಷ್ಟವೇ, ಆದ್ರೂ ಬಾಯಿಬಿಟ್ಟು ಹೇಳಲಿ.

ಹೊರಡೋ ಮುಂಚೆ ಮಧ್ಯಾಹ್ನ ಮಲಗಲಿ, ಮೊಬೈಲ್ ಆಫ್ ಮಾಡಿ. ಬೆಳಗಿನ ಜಾವ ಮೂರರಿಂದ ಐದು ಮೈ ಸೋಲೋ ಹೊತ್ತು. ಆಗ ಪೆಟ್ರೋಲ್ ಬಂಕಿಗೋ ಲಾರಿ ನಿಲ್ದಾಣಕ್ಕೋ ಗಾಡಿ ಒಳಗೆ ಹಾಕಬೇಕು, ಹೈವೇ ಅಂಚಲ್ಲಿ ಬೇಡ. ಒಂದು ಸ್ಟ್ರಾಂಗ್ ಕಾಫಿ ಕುಡಿದು, ಅಲಾರಂ ಇಟ್ಟು, 20 ನಿಮಿಷ ಕಣ್ಣು ಮುಚ್ಚಿದರೆ, ಏಳೋ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತೆ. ಕಿಟಕಿ ಇಳಿಸೋದು, ಜೋರಾಗಿ ಹಾಡು ಹಾಕೋದು ಐದು ನಿಮಿಷದ ಆಟ. ಚೆನ್ನಾಗಿ ಮಲಗಿದ ಮೇಲೂ ಹಗಲೆಲ್ಲ ತೂಕಡಿಕೆ, ರಾತ್ರಿ ಜೋರು ಗೊರಕೆ ಇದ್ರೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ಅದು ನಿದ್ದೆಯಲ್ಲಿ ಉಸಿರು ಕಟ್ಟೋ ಕಾಯಿಲೆ ಇರಬಹುದು.

ಆತ ಈಗಾಗಲೇ ಗುಳಿಗೆ ಶುರು ಮಾಡಿದ್ದು, ಬಿಡೋಕಾಗ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಎದೆನೋವು, ಜ್ಞಾನ ತಪ್ಪೋದು, ಮಾತು ತೊದಲೋದು ಕಂಡರೆ 108. ಉಳಿದ ಸ್ಟ್ರಿಪ್ ಹರಿದಿದ್ರೂ ಸರಿ, ಬಿಸಾಕದೆ ಆಸ್ಪತ್ರೆಗೆ ತಗೊಂಡು ಹೋಗಿ.